ಮೀಸಲು ಕೊಡ

ನಮ್ಮ ವಠಾರದಲ್ಲಿ ಕೋಳಿ ಕೂಗುವುದಕ್ಕಿಂತ ಮೊದಲು ನಳ ಕೆಮ್ಮುತ್ತಿತ್ತು. ಖೊರ್ ಖೊರ್ ಎಂದು ಮುದುಕನ ಹಾಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಆಮೇಲೆ ನೀರು ಬಿಡುತ್ತಿತ್ತು. ಆ ಕೆಮ್ಮು ಕೇಳಿದ ಕೂಡಲೇ ವಠಾರದ ಹೆಂಗಸರೆಲ್ಲ ಕೊಡ ಹಿಡಿದು ಓಡಬೇಕು. ಓಡಿ ಹೋಗಿ ಏನು ಮಾಡಬೇಕು? ನಿಲ್ಲಬೇಕು. ಯಾಕೆಂದರೆ ಮೊದಲ ಎರಡು ಕೊಡ ನೀರು ನಮ್ಮದಲ್ಲ. ಅದು ಮುಂದಿನ ದೊಡ್ಡ ಮನೆಯ ಸಾವ್ಕಾರ ಗಾದಿಲಿಂಗಪ್ಪನವರದು.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವರದು ಹತ್ತಿ, ಶೇಂಗಾದ ದಲಾಲಿ ಅಂಗಡಿ. ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಮನೆ. ಮನೆಯ ಹಿತ್ತಲಲ್ಲಿ ನಮ್ಮ ವಠಾರ. ವಠಾರ ಎಂದರೆ ಏನೋ ಎಂದುಕೊಳ್ಳಬೇಡಿ. ಮನೆಗೊಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಕಾಲು ಚಾಚಿ ಮಲಗಿದರೆ ಹೆಬ್ಬೆರಳು ಅಂಗಳದಲ್ಲಿರುತ್ತದೆ. ನಾನು ಎರ್ರೆಪ್ಪ, ದರ್ಜಿ. ಕೋಣೆಯೊಳಗೆ ಮಿಷನ್ನು ಹಿಡಿಸದೆ ಬಾಗಿಲಲ್ಲೇ ಇಟ್ಟುಕೊಂಡಿದ್ದೆ. ನನಗೂ ನಳಕ್ಕೂ ನಡುವೆ ಒಂದು ಬೇವಿನ ಗಿಡ ಅಷ್ಟೆ. ಅಲ್ಲಿ ನಡೆದದ್ದೆಲ್ಲ ನನ್ನ ಕಣ್ಣಿಗೆ ಬಿದ್ದಿದೆ. ಬೀಳದೆ ಉಳಿದದ್ದನ್ನು ವಠಾರದ ಪಕ್ಕೀರಮ್ಮ ಹೇಳಿದ್ದಾಳೆ, ನಾನು ಬೇಡವೆಂದರೂ ಬಿಟ್ಟಿಲ್ಲ.

ಆ ಮೊದಲ ನೀರಿಗೆ ಮೀಸಲು ನೀರು ಎಂದು ಹೆಸರು. ಸಾವ್ಕಾರರ ಹೆಂಡತಿ ದಾಕ್ಷಾಯಣಮ್ಮ ಮಿಂದು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ತಾಮ್ರದ ಕೊಡ ತಂದು ತಾವೇ ತುಂಬುತ್ತಿದ್ದರು. ಕೊಡಕ್ಕೂ ವಿಭೂತಿಯ ಮೂರು ಗೆರೆ. ಲಿಂಗಪೂಜೆಗೆ, ಅಡಿಗೆಗೆ, ಕುಡಿಯುವುದಕ್ಕೆ ಅದೇ ನೀರು. ಗೆರೆ ಎಳೆದ ಕೊಡವನ್ನು ಯಾರೂ ದಾಟಬಾರದು, ಅದರ ನೀರನ್ನು ನೆಲಕ್ಕೆ ಚೆಲ್ಲಬಾರದು. ದೇವರ ತಲೆಗೆ ಹೋಗಬೇಕು, ಇಲ್ಲ ಮನುಷ್ಯರ ಹೊಟ್ಟೆಗೆ ಹೋಗಬೇಕು. ಒಮ್ಮೆ ನಮ್ಮ ಗಾದೆಪ್ಪ ಪಾಚಿಗೆ ಕಾಲು ಜಾರಿ ಕೊಡಕ್ಕೆ ತಾಗಿ ನೀರು ಉರುಳಿತು. ಸಾವ್ಕಾರರು ಆ ದಿನ ಇಡೀ ವಠಾರಕ್ಕೆ ನಳ ಬಂದ್ ಮಾಡಿದರು. "ಮೀಸಲು ನೀರು ಚೆಲ್ಲಿದ ನೆಲ ಹಸಿರು ಕಾಣಂಗಿಲ್ಲಲೇ" ಎಂದು ಅಂಗಳದಲ್ಲಿ ನಿಂತು ಬೈದರು. ನಮ್ಮ ಹೆಂಗಸರು ಬಿಸಿಲಲ್ಲಿ ದೂರದ ಸವಳು ನೀರಿನ ಬಾವಿಗೆ ಹೋಗಿ ಬಂದರು. ಆ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಗಾದೆಪ್ಪ ಸಾವ್ಕಾರರ ಅಂಗಡಿಯಲ್ಲೇ ಹಮಾಲಿ. ಚೀಲ ಎತ್ತುವ ಕೊಕ್ಕೆ ಅವನ ಹೆಗಲ ಮೇಲೆ ಯಾವಾಗಲೂ ಇರುತ್ತಿತ್ತು. ಅವನ ಹೆಂಡತಿ ಊರಮ್ಮ ಕುರುಗೋಡಿನ ಕಡೆಯ ಬಾದನಹಟ್ಟಿಯವಳು. ಎರಡು ಕೂಸು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟವಳು. ಮೂರನೆಯದು ಉಳಿಯಲಿ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತು ಹೆತ್ತಳು. ಹುಡುಗಿಗೆ ಹುಲಿಗಿ ಎಂದೇ ಹೆಸರಿಟ್ಟಳು. ಆಗಿನ್ನೂ ಗೋಡೆ ಹಿಡಿದು ಹೆಜ್ಜೆ ಇಡುವ ಕೂಸು ಅದು. ನನ್ನ ಮಿಷನ್ನಿನ ಚಕ್ರ ಹಿಡಿದು ಎಳೆಯುವುದು, ನಾನು ಗದರಿದರೆ ನಗುವುದು. ವಠಾರದಲ್ಲಿ ಆ ಕೂಸಿಗೆ ಒಬ್ಬಳೇ ತಾಯಿ ಎಂದರೆ ಪಕ್ಕೀರಮ್ಮ ಜಗಳಕ್ಕೆ ಬರುತ್ತಿದ್ದಳು.

ಪಕ್ಕೀರಮ್ಮ ಮುದುಕಿ. ಶೇಂಗಾ ಗಿರಣಿಯಲ್ಲಿ ಕಾಳು ಆರಿಸುವ ಕೆಲಸ. ಸಿರುಗುಪ್ಪದ ಆಚೆ, ತುಂಗಭದ್ರೆಯ ದಂಡೆಯ ಕೆಂಚನಗುಡ್ಡದವಳು. ಆ ಹೊಳೆಯ ಪ್ರತಾಪ ಕೇಳಿ ಕೇಳಿ ನಮ್ಮ ಕಿವಿಯಲ್ಲಿ ಭತ್ತ ನಾಟಿ ಮಾಡಬಹುದಾಗಿತ್ತು.

"ನಮ್ಮೂರಾಗ ಹಿಂಗ ಪಾಳಿ ನಿಲ್ಲೂದಿಲ್ಲಲೇ ಎರ್ರೆಪ್ಪ. ಹೊಳಿ ನಮ್ಮನಿ ಬಾಗ್ಲಿಗೆ ಬಂದು, ಹೆಂಗದೀರಿ ಅಂತ ಕೇಳಿ ಹೋಗ್ತಿತ್ತು."

"ಹಂಗಾರ ಇಲ್ಲಿಗ್ಯಾಕ ಬಂದಿ ಯಕ್ಕಾ?"

"ಒಂದ್ಸಲ ಕೇಳಾಕ ಬಂದದ್ದು ಮನೀನ ಹೊತ್ಕೊಂಡು ಹೋತು. ಅದಕ್ಕ ಬಂದೆ."

ಆ ವರ್ಷ ದೀಪಾವಳಿಗೆ ಸಾವ್ಕಾರರು ಎರಡು ಎಮ್ಮೆ ತಂದರು. ಹಿತ್ತಲ ಮೂಲೆಯಲ್ಲಿ ಕೊಟ್ಟಿಗೆ ಕಟ್ಟಿಸಿದರು. ಕೊಟ್ಟಿಗೆಯ ಪಕ್ಕಕ್ಕೆ ಸಗಣಿ, ಗಂಜಲದ ಗುಂಡಿ. ಕಟ್ಟಲು ಬಂದ ಗೌಂಡಿ ಗುಂಡಿ ತೋಡುತ್ತಾ ನಿಂತುಬಿಟ್ಟ.

"ಸಾವ್ಕಾರ್ರ, ಇಲ್ಲಿ ಕೆಳಗ ನಳದ ಪೈಪು ಐತ್ರಿ. ತುಕ್ಕು ತಿಂದು ಹಪ್ಪಳ ಆಗೈತಿ. ಗುಂಡಿ ಆ ಕಡಿ ಸರಸೋಣೇನ್ರಿ?"

"ಆ ಕಡಿ ನನ್ನ ಮಲಗೂ ಕೋಣಿ ಐತಿ. ವಾಸ್ನಿ ನಿಮ್ಮಪ್ಪ ಕುಡೀತಾನೇನು? ಪೈಪು ಕಬ್ಬಿಣದ್ದಲೇ. ಎಮ್ಮಿ ಏನು ಕಬ್ಬಿಣ ಕಡೀತಾವೇನು? ಮ್ಯಾಲೊಂದು ಹಾಸಗಲ್ಲು ಹಾಕಿ ಮುಗಿಸು."

ಗೌಂಡಿ ಹಾಸುಗಲ್ಲು ಎಳೆದು ಮುಗಿಸಿದ. ಎಮ್ಮೆಗಳು ಮೆಲುಕು ಹಾಕಿದವು. ಗುಂಡಿ ತುಂಬುತ್ತಾ ಬಂತು.

ಮೊದಲು ಹೊಟ್ಟೆ ಕೆಟ್ಟದ್ದು ದೊಡ್ಡ ಮನೆಯವರಿಗೆ. ನಮಗಲ್ಲ! ಸಾವ್ಕಾರರು ಬೆಳಿಗ್ಗೆ ಚೊಂಬು ಹಿಡಿದು ಹಿತ್ತಲಿಗೆ ಬರುವ ವೇಗ ನೋಡಿ ಎಮ್ಮೆಗಳೇ ದಾರಿ ಬಿಡುತ್ತಿದ್ದವು. ಅವರ ಮಗನಂತೂ ಹಾಸಿಗೆ ಹಿಡಿದ. ವಠಾರದಲ್ಲಿ ಗುಸುಗುಸು ನಗೆ. "ತುಪ್ಪ ಉಂಡ ಹೊಟ್ಟಿ, ತಡಕೊಳ್ಳಾಂಗಿಲ್ಲ. ನಮ್ಮ ಹೊಟ್ಟಿಗೆ ಸಜ್ಜಿ ರೊಟ್ಟಿ ಅಂದ್ರ ಕಲ್ಲಿನ ಗ್ವಾಡಿ ಇದ್ದಂಗ" ಎಂದಳು ಪಕ್ಕೀರಮ್ಮ. ನಾವೆಲ್ಲ ಹೌದು ಹೌದು ಎಂದೆವು. ಬಡವರಿಗೆ ಸಾವ್ಕಾರರ ಹೊಟ್ಟೆನೋವಿನಷ್ಟು ಸಮಾಧಾನ ಕೊಡುವ ಔಷಧ ಇನ್ನೊಂದಿಲ್ಲ.

ಸಾವ್ಕಾರರಿಗೆ ಮಾತ್ರ ಕಾರಣ ಗೊತ್ತಾಗಿ ಹೋಗಿತ್ತು. ಕಾರಣ ನಾವು.

"ನಿಮ್ಮ ಹುಡುಗ್ರು ನಳಕ್ಕ ಬಾಯಿ ಹಚ್ಚಿ ಕುಡೀತಾವ. ಎಂಜಲ ನಳದಿಂದ ಮೀಸಲು ನೀರು ಹಿಡದ್ರ ಏನಾಗ್ತೈತಿ?"

ಅಂದಿನಿಂದ ನಮ್ಮ ಹೆಂಗಸರು ಸರದಿಯ ಮೇಲೆ ನಳದ ಬಾಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಕಾಯಿತು. ನಳ ಮದುಮಗನ ಹಾಗೆ ಫಳಫಳ ಹೊಳೆಯಿತು. ಸಾವ್ಕಾರರ ಚೊಂಬು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಅವರು ಪರಿಚಯದ ಒಬ್ಬ ಆರೋಗ್ಯದ ಇನ್‌ಸ್ಪೆಕ್ಟರರನ್ನು ಕರೆಸಿದರು. ತಲೆಗೆ ಬೆಂಡಿನ ಸೋಲಾ ಟೋಪಿ, ಮೂಗಿಗೆ ಕರ್ಚೀಪು. ಅವರು ನಳ ನೋಡಿದರು, ಕೊಟ್ಟಿಗೆ ನೋಡಿದರು, ಗುಂಡಿಯ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ದೊಡ್ಡ ಮನೆಯೊಳಗೆ ಹೋಗಿ ಮಾತಾಡಿದರು. ಏನು ಮಾತಾಡಿದರೋ ನಮಗೆ ತಿಳಿಯಲಿಲ್ಲ. ನಮಗೆ ಸಿಕ್ಕಿದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ ಒಂದೇ ಮಾತು.

"ನೀರು ಕುದಿಸಿ, ಆರಿಸಿ, ಮುಚ್ಚಿಟ್ಟು ಕುಡೀಬೇಕು. ತಿಳೀತಾ?"

"ತಿಳೀತ್ರಿ ಸಾಹೇಬ್ರ" ಎಂದಳು ಪಕ್ಕೀರಮ್ಮ. "ಸೌದಿ ಇಲ್ಲದ್ದಕ್ಕ ಅಂಬಲಿನ ಅರ್ಧ ಕುದಿಸಿ ಇಳಸ್ತೀವಿ. ನಿಮ್ಮ ಟೋಪಿ ಭಾಳ ಚಂದ ಒಣಗೈತಿ ನೋಡ್ರಿ, ಕೊಟ್ಟು ಹೋದ್ರ ಇವತ್ತೊಂದು ದಿನ ಕುದಿಸ್ತೀವಿ."

ಇನ್‌ಸ್ಪೆಕ್ಟರರು ಟೋಪಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋದರು.

ಇದಾಗಿ ಸ್ವಲ್ಪ ದಿನಕ್ಕೆ ಗಣರಾಜ್ಯ ಬಂತು. ಬ್ರೂಸ್‌ಪೇಟೆಯ ತುಂಬ ಬಾವುಟ. ಸಾವ್ಕಾರರು ಅಂಗಡಿಯ ಮುಂದೆ ಬಾವುಟ ಏರಿಸಿ, ಪೆಪ್ಪರಮಿಂಟು ಹಂಚಿ, ಸಂಜೆ ನಮ್ಮ ವಠಾರಕ್ಕೆ ಬಂದರು. ಖಾದಿ ಟೋಪಿ ಹೊಸದು, ಕಿವಿಯ ಮೇಲೆ ಕೂರುತ್ತಿತ್ತು. ನಳಕ್ಕೆ ಕುಂಕುಮ ಹಚ್ಚಿದರು. ಕಾಯಿ ಒಡೆದರು. ಆಮೇಲೆ ಗಂಟಲು ಸರಿಮಾಡಿಕೊಂಡರು, ನಳದ ಹಾಗೆಯೇ.

"ಇಷ್ಟು ದಿನ ನಡದದ್ದು ನಡೀತು. ಇನ್ನ ಮ್ಯಾಲೆ ದೊಡ್ಡವ್ರು ಸಣ್ಣವ್ರು ಅನ್ನೂದಿಲ್ಲ. ಗಣರಾಜ್ಯ ಬಂದೈತಿ. ಎಲ್ಲಾರೂ ಪಾಳ್ಯಾಗ ನಿಲ್ಲೂದು. ನಾಳಿಂದ ಮೀಸಲು ಕೊಡ ಬಡವರದು. ನೀವೆಲ್ಲಾ ತುಂಬಿದ ಮ್ಯಾಲೆ, ಕಡೀಗೆ ನಮ್ಮನಿ ಕೊಡ."

ಸಾವ್ಕಾರರ ಹಿಂದೆ ದಾಕ್ಷಾಯಣಮ್ಮ ತಲೆ ತಗ್ಗಿಸಿ ನಿಂತಿದ್ದರು. ಗಂಡನ ದೊಡ್ಡ ಗುಣ ನೋಡಿ ಕಣ್ಣು ತುಂಬಿ ಬಂದಿದೆ ಎಂದುಕೊಂಡೆ. ಪಕ್ಕೀರಮ್ಮನಂತೂ ಸೆರಗಿಗೆ ಮೂಗು ಒರೆಸಿಕೊಂಡಳು.

"ಸತ್ರೂ ಚಿಂತಿಲ್ಲ ಎರ್ರೆಪ್ಪ. ಮೊದ್ಲ ಕೊಡ ತುಂಬಿ ಸಾಯ್ತೀನಿ."

"ತುಂಬು ಯಕ್ಕಾ, ಸಾಯೂದು ಆಮ್ಯಾಲೆ ನೋಡೋಣಂತ."

ಸಾವ್ಕಾರರು ಅತ್ತ ಹೋದರೋ ಇಲ್ಲವೋ, ಇತ್ತ ಜಗಳ ಶುರುವಾಯಿತು. ಮೊದಲ ಕೊಡ ಬಡವರದು, ಸರಿ. ಆದರೆ ಯಾವ ಬಡವರದು? ನಾನು ಹಿರಿಯಳು ಎಂದು ಒಬ್ಬಳು. ನಾನು ಈ ವಠಾರಕ್ಕೆ ಮೊದಲು ಬಂದವಳು ಎಂದು ಇನ್ನೊಬ್ಬಳು. ನನ್ನ ಗಂಡನ ಅಜ್ಜನಿಗೆ ಊರಲ್ಲಿ ಮೊದಲ ವೀಳ್ಯ ಸಲ್ಲುತ್ತಿತ್ತು ಎಂದು ಮತ್ತೊಬ್ಬಳು. ಒಂದು ಹೊಲವೂ ಇಲ್ಲದವರು ಬದುವಿಗೆ ಬಡಿದಾಡಿದ ಹಾಗಾಯಿತು. ಜುಟ್ಟು ಕೈಗೆ ಬರುವ ಹೊತ್ತಿಗೆ ಹುಲಿಗಿ ನಡುವೆ ಬಂದು, ನಳದ ಕಟ್ಟೆ ಹಿಡಿದು ನಿಂತು, ಎಲ್ಲರನ್ನೂ ನೋಡಿ ನಕ್ಕಿತು.

ಪಕ್ಕೀರಮ್ಮ ಕೂಸನ್ನು ಎತ್ತಿಕೊಂಡಳು. "ಯಾಕ ಬಡದಾಡ್ತೀರ್ಬೇ? ಮೀಸಲು ನೀರು ಇದಕ್ಕ ಕುಡಸೋಣ. ಆಯುಸ್ಸು ಗಟ್ಟಿ ಆಗ್ತೈತಿ. ಮೊದ್ಲ ಕೊಡ ಊರಮ್ಮಂದು."

ಯಾರೂ ಎದುರಾಡಲಿಲ್ಲ. ಅಷ್ಟೊಂದು ಪ್ರೀತಿ ಆ ಕೂಸಿನ ಮೇಲೆ. ಮರುದಿನ ಬೆಳಿಗ್ಗೆ ಊರಮ್ಮ ಮಿಂದು ಬಂದು, ತನ್ನ ಮಣ್ಣಿನ ಕೊಡಕ್ಕೆ ವಿಭೂತಿ ಎಳೆದು, ನಳದ ಕೆಳಗಿಟ್ಟಳು. ನೀರು ಬಂತು. ಸ್ವಲ್ಪ ಹಳದಿ. ಸ್ವಲ್ಪ ವಾಸನೆ.

"ಅತ್ತೀ, ಏನೋ ನಾರ್ತೈತಲ್ಲ?" ಎಂದಳು ಊರಮ್ಮ.

ಪಕ್ಕೀರಮ್ಮ ಮೂಸಿ ನೋಡಿ ಯೋಚನೆ ಮಾಡಿದಳು. "ಮೀಸಲು ನೀರು ಹಂಗ ಇರ್ತೈತೇನೋ. ನಾವೇನು ಹಿಂದ ಕುಡದೀವಾ?"

ಕುಡಿದಿರಲಿಲ್ಲ. ಒಬ್ಬರೂ, ಒಂದು ದಿನವೂ ಕುಡಿದಿರಲಿಲ್ಲ. ಅದು ಹೇಗಿರಬೇಕು ಎಂದು ನಮಗೆ ಹೇಗೆ ಗೊತ್ತಾಗಬೇಕು? ಕಡೆಯಲ್ಲಿ ಬರುತ್ತಿದ್ದ ತಿಳಿ ನೀರನ್ನು ನಾವು ಸಪ್ಪೆ ನೀರು ಎಂದುಕೊಂಡಿದ್ದೆವು. ಊರಮ್ಮ ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟು, ಹುಲಿಗಿಗೆ ಅದೇ ನೀರು ಕುಡಿಸಿದಳು. ಅದರಲ್ಲೇ ಗಂಜಿ ಮಾಡಿದಳು. ತಾನು ಮಾತ್ರ ಎರಡನೆಯ ಕೊಡದ ನೀರು ಕುಡಿದಳು. ಕೂಸಿನ ಪಾಲು ಕಡಿಮೆಯಾಗಬಾರದಲ್ಲ.

ಶಿವರಾತ್ರಿ ಹತ್ತಿರ ಬರುವಾಗ ಹುಲಿಗಿ ಮಿಷನ್ನಿನ ಹತ್ತಿರ ಬರುವುದನ್ನು ಬಿಟ್ಟಿತು. ಮೊದಲು ಹಲ್ಲು ಬರುವ ಭೇದಿ ಎಂದರು. ಆಮೇಲೆ ದೃಷ್ಟಿ ಎಂದರು, ಮೆಣಸಿನಕಾಯಿ ಸುಟ್ಟರು. ಒಂದು ಬೆಳಿಗ್ಗೆ ವಾಂತಿಯೂ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಕಣ್ಣು ಗುಳಿ ಬಿದ್ದಿತ್ತು. ಅಳಲೂ ನೀರಿಲ್ಲ. ಗಾದೆಪ್ಪನನ್ನು ಸಾವ್ಕಾರರು ಹತ್ತಿ ತರುವ ಬಂಡಿಯ ಜೊತೆ ಸಿರುಗುಪ್ಪಕ್ಕೆ ಕಳಿಸಿದ್ದರು. ಊರಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಲುಗದೆ ಕುಳಿತಿದ್ದಳು. ಎರಡು ಸಲ ಹೀಗೇ ಕುಳಿತವಳು ಅವಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಸುದ್ದಿ ಕೇಳಿ ದಾಕ್ಷಾಯಣಮ್ಮ ಒಣಶುಂಠಿ, ಜೀರಿಗೆ ಹಿಡಿದು ಬಂದರು.

"ಕೂಸಿಗೆ ಯಾವ ನೀರು ಕುಡಸೀಯಬೇ?"

"ಮೀಸಲು ನೀರ್ರೀ ಅಮ್ಮಾರ" ಎಂದಳು ಊರಮ್ಮ. "ಒಂದ ಹನಿ ಬ್ಯಾರೆ ನೀರು ಮುಟ್ಟಿಸಿಲ್ಲ."

ದಾಕ್ಷಾಯಣಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕುಳಿತರು. ವಠಾರದ ನೆಲದ ಮೇಲೆ ಅವರು ಕುಳಿತದ್ದನ್ನು ನಾವು ಅದೇ ಮೊದಲು ನೋಡಿದ್ದು.

"ಯಾರೂ ಹೇಳಲಿಲ್ಲೇನ್ರಬೇ ನಿಮಗ? ಆ ಇನ್‌ಸ್ಪೆಕ್ಟರು ಬಾಯಿ ಬಿಟ್ಟು ಹೇಳಿ ಹೋಗ್ಯಾನ. ರಾತ್ರಿ ನೀರು ನಿಂತಾಗ ಪೈಪು ಬರಿದಾಗಿ, ತೂತಿನಾಗ ಎಮ್ಮಿ ಗುಂಡೀದು ಒಳಗ ಎಳಕೊಂತೈತಂತ. ಬೆಳಿಗ್ಗೆ ಅದೆಲ್ಲಾ ಮೊದ್ಲ ಕೊಡದಾಗ ಬರ್ತೈತಂತ. ಗುಂಡಿ ಮುಚ್ಚಿಸ್ರಿ, ಪೈಪು ಹಾಕಸ್ರಿ, ಅಲ್ಲೀತನ ಮೊದ್ಲ ನೀರು ಹೊರಗ ಬಿಡ್ರಿ ಅಂದ. ಇವ್ರು ಹೊರಗ ಬಿಡೂದು ಬ್ಯಾಡ ಅಂದ್ರು..." ಅವರು ಕೈಯಲ್ಲಿದ್ದ ಶುಂಠಿಯನ್ನು ನೆಲಕ್ಕಿಟ್ಟರು. "ನನ್ನ ಮಗ ಎದ್ದು ಓಡ್ಯಾಡಾಕ ಹತ್ಯಾನ. ನಾ ಬಾಯಿ ಮುಚ್ಕೊಂಡು ಕುಂತೆ."

ನಮಗೆ ಸಿಕ್ಕ ಗಣರಾಜ್ಯ ಅದು. ಕಾಯಿ ಒಡೆದು, ಕುಂಕುಮ ಹಚ್ಚಿ, ಎಮ್ಮೆಯ ಗಂಜಲವನ್ನು ನಮ್ಮ ಕೂಸಿನ ಬಾಯಿಗೆ ಬಿಟ್ಟಿದ್ದರು. ನಾವು ಅದಕ್ಕೆ ಬಡಿದಾಡಿ, ಆಮೇಲೆ ಕೈಮುಗಿದು ತುಂಬಿಕೊಂಡಿದ್ದೆವು. ನನ್ನ ಮೈ ಉರಿದುಹೋಯಿತು.

ಕೂಸನ್ನು ನನ್ನ ಹೆಗಲಿಗೆ ಹಾಕಿಕೊಂಡು ದೊಡ್ಡ ದವಾಖಾನೆಗೆ ಓಡಿದೆ. ಹಿಂದೆ ಊರಮ್ಮ, ಅವಳ ಹಿಂದೆ ಚಪ್ಪಲಿ ಇಲ್ಲದೆ ಪಕ್ಕೀರಮ್ಮ. ದಾರಿಯುದ್ದಕ್ಕೂ ಮುದುಕಿ ಹುಲಿಗೆಮ್ಮನನ್ನು ಬೈಯುತ್ತಾ ಬಂದಳು. "ನಿನ್ನ ಹೆಸರು ಇಟ್ಟೀವಲ್ಲಬೇ, ನಾಚಿಕಿ ಬರೂದಿಲ್ಲೇನು ನಿನಗ?" ದವಾಖಾನೆಯಲ್ಲಿ ಸೂಜಿ ಚುಚ್ಚಿ ಉಪ್ಪುನೀರು ಏರಿಸಿದರು. ಇನ್ನೊಂದು ಗಳಿಗೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಸಿರುಗುಪ್ಪದಿಂದ ಬಂದ ಗಾದೆಪ್ಪ ದವಾಖಾನೆಯ ಗೋಡೆಗೆ ಒರಗಿ ಕುಳಿತವನು, ಕೂಸು ಕಣ್ಣು ಬಿಟ್ಟು ಅವನ ಕೊಕ್ಕೆ ಹಿಡಿದು ಎಳೆಯುವವರೆಗೂ ಏಳಲಿಲ್ಲ.

ಹುಲಿಗಿ ಮನೆಗೆ ಬಂದ ದಿನ ಪಕ್ಕೀರಮ್ಮ ಬೇವಿನ ಗಿಡದ ಕೆಳಗೆ ಮೂರು ಕಲ್ಲು ಹೂಡಿದಳು. ಗಿರಣಿಯಿಂದ ಉಡಿಯಲ್ಲಿ ಶೇಂಗಾ ಹೊಟ್ಟು ತಂದು ಸುರಿದಳು. ಹಮಾಲರು ಹತ್ತಿಕಟ್ಟಿಗೆ ತಂದರು. ನಾನು ಚಿಂದಿ ಕೊಟ್ಟೆ. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದೆ ಬದುಕಿದ ವಠಾರ ನಮ್ಮದು. ಈಗ ಒಂದೇ ಹಂಡೆ, ಒಂದೇ ಒಲೆ. ಯಾರೋ ಒಬ್ಬಳು, "ಎಲ್ಲಾರ ನೀರೂ ಕೂಡಿಸಿ ಕುದಿಸಿದ್ರ ಕುಲ?" ಎಂದು ಕೇಳಿದಳು.

"ಕುದ್ರ ಅದೂ ಸಾಯ್ತೈತಿ, ಹಾಕು" ಎಂದಳು ಪಕ್ಕೀರಮ್ಮ.

ಕುದಿಸಿದ್ದಾಯಿತು. ಆದರೆ ಗುಂಡಿ ಹಾಗೇ ಇತ್ತು. ಗಾದೆಪ್ಪ ಹೋಗಿ ಸಾವ್ಕಾರರನ್ನು ಕೇಳಿದ. ಬಾಡಿಗೆಯವರಿಗೆ ಪೈಪು ಹಾಕಿಸುತ್ತ ಕುಳಿತರೆ ತಾನು ಭಿಕ್ಷೆಗೆ ಹೋಗಬೇಕು ಎಂದರಂತೆ. ನೀರು ಹಿಡಿಸದಿದ್ದರೆ ಮನೆ ಖಾಲಿ ಮಾಡಿ ಎಂದರಂತೆ. ಕೂಸು ಹೇಗಿದೆ ಎಂದು ಮಾತ್ರ ಕೇಳಲಿಲ್ಲವಂತೆ.

ಪಕ್ಕೀರಮ್ಮ ಅದನ್ನು ಕೇಳಿ ಕೂಗಾಡಲಿಲ್ಲ. ನನಗೆ ಅದೇ ಭಯವಾಯಿತು. ಬೆಳಿಗ್ಗೆ ಮಿಂದಳು. ತನ್ನ ಕೊಡಕ್ಕೆ ವಿಭೂತಿಯ ಮೂರು ಗೆರೆ ಎಳೆದಳು. ನಳ ಕೆಮ್ಮಿದ ಕೂಡಲೇ ಮೊದಲ ನೀರು ತುಂಬಿದಳು. ತಲೆಯ ಮೇಲೆ ಹೊತ್ತು ಮುಂದಿನ ಬೀದಿಗೆ ನಡೆದಳು. ವಠಾರವೆಲ್ಲ ಹಿಂದೆ.

ಸಾವ್ಕಾರರು ಜಗಲಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಅವರ ಬೀಗರು, ಕುರುಗೋಡಿನಿಂದ ರಾತ್ರಿಯ ತಂಪಿನಲ್ಲೇ ಬಂಡಿ ಕಟ್ಟಿಕೊಂಡು ಆಗಷ್ಟೇ ಬಂದಿಳಿದಿದ್ದರು. ಪಕ್ಕೀರಮ್ಮ ಕೊಡವನ್ನು ಜಗಲಿಯ ಮೇಲೆ ಇಳಿಸಿ ಕೈಮುಗಿದಳು.

"ಏನಬೇ ಇದು, ಹೊತ್ತು ಮೂಡೂದ್ರಾಗ?"

"ಮೀಸಲು ಕೊಡ ಐತ್ರಿ ಸಾವ್ಕಾರ್ರ. ನೀವು ಕೊಟ್ಟ ಮರ್ಯಾದಿ ಭಾಳ ಭಾರ ಆತು. ನಮ್ಮ ಕೂಸಿನ ಕೈಲಿ ತಡಕೊಳ್ಳಾಕ ಆಗಲಿಲ್ಲ. ತಿರುಗಿ ತಂದೀವಿ. ಒಂದ ಗುಟುಕು ಕುಡೀರಿ, ನಮ್ಮ ಕಣ್ಣು ತಂಪಾಗಲಿ."

"ನನಗ ನೀರಡಿಕಿ ಇಲ್ಲ, ನಡೀರಿ."

"ಆಗೂತನ ಕುಂತಿರ್ತೀವ್ರಿ. ನಮಗೇನು ಅವಸರ?"

ಬೀಗರು ಒಳ್ಳೆಯ ಮನುಷ್ಯರು. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ದಾರಿಯ ಧೂಳು ಕುಡಿದು ಬಂದಿದ್ದರು. ನಕ್ಕು, ತಂಬಿಗೆ ಎತ್ತಿಕೊಂಡು ಕೊಡದ ಕಡೆ ಬಗ್ಗಿದರು.

"ಇವ್ರಿಗೆ ಇಲ್ಲದಿದ್ರ ನನಗ ಆಗೈತವ್ವ ನೀರಡಿಕಿ. ಮೀಸಲು ನೀರು ಅಂತೀ, ನಾನ ಕುಡೀತೀನಿ ತಗೋ."

"ಬ್ಯಾಡ್ರಿ!" ಗಾದಿಲಿಂಗಪ್ಪನವರು ಜಿಗಿದು ಬೀಗರ ಕೈ ಹಿಡಿದುಬಿಟ್ಟರು. "ಮುಟ್ಟಬ್ಯಾಡ್ರಿ ಬೀಗರ! ಅದು ಕುಡಿಯೂದಲ್ಲ!"

ತರಕಾರಿ ಮಾರುವವಳು ಬುಟ್ಟಿ ಇಳಿಸಿ ನಿಂತಳು. ಬೀಗರು ಒಮ್ಮೆ ಕೊಡ ನೋಡಿದರು, ಒಮ್ಮೆ ಊರಮ್ಮನ ಕಂಕುಳಲ್ಲಿದ್ದ ಕೂಸನ್ನು ನೋಡಿದರು. ಹುಲಿಗಿಯ ಕೆನ್ನೆ ಇನ್ನೂ ತುಂಬಿರಲಿಲ್ಲ. ಅವರು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಆ ದಿನ ಸಾವ್ಕಾರರ ಮನೆಯಲ್ಲಿ ಉಣ್ಣದೆ ಬಂಡಿ ತಿರುಗಿಸಿದರು.

ಸಾವ್ಕಾರರ ಮುಖ ಕಪ್ಪಿಟ್ಟಿತು. "ಈ ಕೊಡ ಎತ್ಕೊಂಡು ಹೋಗಿ ಗಟಾರಕ್ಕ ಸುರೀರಿ" ಎಂದು ಅರಚಿದರು.

"ಶಿವ ಶಿವಾ!" ಪಕ್ಕೀರಮ್ಮ ಗಲ್ಲ ಬಡಿದುಕೊಂಡಳು. "ಮೀಸಲು ನೀರು ಚೆಲ್ಲಿದ ನೆಲ ಹಸಿರು ಕಾಣಂಗಿಲ್ಲ ಅಂತ ನೀವ ಹೇಳೀರಿ. ನಾವು ಮುಟ್ಟಾಂಗಿಲ್ಲಪ್ಪ. ದೇವರ ತಲಿಗೆ ಹಾಕ್ರಿ, ಇಲ್ಲಾ ಹೊಟ್ಟಿಗೆ ಹಾಕೊಳ್ರಿ."

ಗೆರೆ ಎಳೆದ ಕೊಡವನ್ನು ಒದೆಯಲು ಸಾವ್ಕಾರರ ಕಾಲು ಏಳಲಿಲ್ಲ. ಮನೆಯ ಆಳುಗಳೂ ಮುಟ್ಟಲಿಲ್ಲ, ಅವರಿಗೂ ಅದೇ ಮಾತು ಹೇಳಿ ಹೆದರಿಸಿ ಇಟ್ಟಿದ್ದರಲ್ಲ. ಕೊಡ ಅಲ್ಲೇ ಉಳಿಯಿತು. ಮರುದಿನ ಅದರ ಪಕ್ಕ ಇನ್ನೊಂದು ಬಂತು. ಅದರ ಮರುದಿನ ಮತ್ತೊಂದು. ದಿನಕ್ಕೊಬ್ಬಳು ಮಿಂದು, ಗೆರೆ ಎಳೆದು, ಭಕ್ತಿಯಿಂದ ತಂದು ಇಟ್ಟು ಕೈಮುಗಿದು ಹೋಗುತ್ತಿದ್ದಳು. ಬಿಸಿಲೇರಿದರೆ ಜಗಲಿ ಕೊಟ್ಟಿಗೆಯಂತೆ ನಾರುತ್ತಿತ್ತು. ಬಾವುಟ ಏರಿಸಿದ ಅಂಗಡಿಗೆ ಬರುವ ಗಿರಾಕಿಗಳು, "ಏನ್ರಿ ಸಾವ್ಕಾರ್ರ, ಜಗಲಿ ಮ್ಯಾಲೆ ಯಾವ ದೇವರು?" ಎಂದು ಕೇಳತೊಡಗಿದರು.

ಸಾವ್ಕಾರರು ಗಾದೆಪ್ಪನ ಮೇಲೆ ಬಿದ್ದರು. "ನಾಳಿಂದ ಅಂಗಡಿ ಮೆಟ್ಲ ಹತ್ತಬ್ಯಾಡ. ಕೊಕ್ಕಿ ಅಲ್ಲಿ ಗೂಟಕ್ಕ ಹಾಕು" ಎಂದರು. ಗಾದೆಪ್ಪ ಕೊಕ್ಕೆ ತೆಗೆದು ಗೂಟಕ್ಕೆ ಹಾಕಿದ. ಅವನ ಹಿಂದೆ ಇನ್ನೊಬ್ಬ ಹಮಾಲಿ ಬಂದು ತನ್ನದನ್ನೂ ಹಾಕಿದ. ಆಮೇಲೆ ಮತ್ತೊಬ್ಬ. ಗೂಟದಲ್ಲಿ ಜಾಗ ಸಾಲದೆ ಕೊಕ್ಕೆಗಳು ಕೆಳಗೆ ಬಿದ್ದವು. ಬೀದಿಯಲ್ಲಿ ಹತ್ತಿಯ ಬಂಡಿಗಳು ಸಾಲುಗಟ್ಟಿ ನಿಂತವು. ಎತ್ತುಗಳು ಸಾವ್ಕಾರರ ಬಾಗಿಲಲ್ಲೇ ಸಗಣಿ ಹಾಕಿದವು. ಅದನ್ನು ನಾವು ಹೇಳಿ ಮಾಡಿಸಿದ್ದಲ್ಲ.

ಇಷ್ಟಾದರೂ ಅವರು ಬಗ್ಗುತ್ತಿದ್ದರೋ ಇಲ್ಲವೋ ಹೇಳಲಾರೆ. ಒಂದು ಬೆಳಿಗ್ಗೆ ನಮಗೆ ಕೊಡ ಕಡಿಮೆ ಬಿದ್ದವು. ಮಣ್ಣಿನ ಕೊಡಗಳೆಲ್ಲ ಜಗಲಿಯ ಮೇಲಿವೆ, ಮನೆಗೆ ನೀರು ತುಂಬಲು ಏನೂ ಇಲ್ಲ. ಹೆಂಗಸರು ನಳದ ಹತ್ತಿರ ನಿಂತು ಏನು ಮಾಡುವುದು ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಗ ದಾಕ್ಷಾಯಣಮ್ಮ ಹಿತ್ತಲ ಬಾಗಿಲು ತೆರೆದು ಬಂದರು. ಕೈಯಲ್ಲಿ ತಾಮ್ರದ ಕೊಡ. ನಳದ ಕೆಳಗೆ ಇಟ್ಟು ಮೊದಲ ನೀರು ತುಂಬಿದರು. ಗೆರೆ ಎಳೆದರು. ಎತ್ತಿ ಸೊಂಟಕ್ಕಿಟ್ಟುಕೊಂಡು, ಮನೆಯೊಳಗಿಂದ ಅಲ್ಲ, ಬೀದಿಯಿಂದ ಸುತ್ತಿ ಹೋಗಿ, ಜಗಲಿಯ ಮೇಲೆ ನಮ್ಮ ಕೊಡಗಳ ಸಾಲಿನಲ್ಲಿ ಇಟ್ಟರು.

"ಇವತ್ತಿನ ಪಾಳಿ ನಂದು" ಎಂದರು ಗಂಡನಿಗೆ.

ಅದೇ ದಿನ ಗೌಂಡಿ ಬಂದ. ಹಾಸುಗಲ್ಲು ಎತ್ತಿಸಿದ. ಗುಂಡಿ ಬಳಿದು, ಪೈಪು ಹೊರಗೆ ತೆಗೆದಾಗ ಅದು ಕೈಯಲ್ಲೇ ಮುರಿಯಿತು. ಎಮ್ಮೆಗಳು ಹಿತ್ತಲ ಆ ತುದಿಗೆ, ಸಾವ್ಕಾರರು ಮಲಗುವ ಕೋಣೆಯ ಕಿಟಕಿಯ ಕೆಳಗೆ ಹೋದವು. ಹೊಸ ಪೈಪು ಬಂತು. ಗಾದೆಪ್ಪ ಕೊಕ್ಕೆ ತೆಗೆದುಕೊಂಡ. ಜಗಲಿಯ ಕೊಡಗಳನ್ನೆಲ್ಲ ಬೇವಿನ ಗಿಡದ ಬುಡಕ್ಕೆ ಸುರಿದೆವು. ಆ ನೆಲ ಹಸಿರು ಕಾಣುವುದಿಲ್ಲ ಎಂದಿದ್ದರಲ್ಲ, ಆ ವರ್ಷ ಬೇವು ಚಿಗುರಿದ್ದನ್ನು ನೀವು ನೋಡಬೇಕಾಗಿತ್ತು.

ಹೊಸ ಪೈಪಿನಲ್ಲಿ ನೀರು ಬರುವ ಮೊದಲ ಬೆಳಿಗ್ಗೆ ನಾನು ಎದ್ದು ಮಿಷನ್ನಿನ ಮುಂದೆ ಕುಳಿತಿದ್ದೆ. ನಳ ಕೆಮ್ಮಲಿಲ್ಲ. ನೇರವಾಗಿ ನೀರು ಬಿಟ್ಟಿತು. ಮೊದಲ ನೀರನ್ನು ಪಕ್ಕೀರಮ್ಮ ಹಾಗೇ ಹರಿಯಲು ಬಿಟ್ಟಳು. ತಿಳಿಯಾಯಿತು. ಮೂಸಿದಳು. ವಾಸನೆ ಇರಲಿಲ್ಲ. ಆದರೂ ಬೇವಿನ ಕೆಳಗಿನ ಹಂಡೆಗೆ ಉರಿ ಹಾಕಿಯೇ ಇತ್ತು.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಈ ಸಲ ಬಂದವರು ಖುದ್ದು ಗಾದಿಲಿಂಗಪ್ಪನವರು. ಮಿಂದಿದ್ದರು. ಹಣೆಯಲ್ಲಿ ವಿಭೂತಿ. ಎರಡು ಕೈಯಲ್ಲಿ ಎರಡು ತಾಮ್ರದ ಕೊಡ. ಯಾರ ಮುಖವನ್ನೂ ನೋಡದೆ ನೇರವಾಗಿ ನಳದ ಹತ್ತಿರ ನಡೆದರು.

"ಸರೀರಿ. ಪೂಜಿ ಹೊತ್ತಾತು. ನೀರು ಸ್ವಚ್ಛ ಆಗೈತಿ. ಇನ್ನ ಮೊದ್ಲಿನ ಪದ್ಧತಿ ಮೊದ್ಲಿನಂಗ."

ಯಾರೂ ಸರಿಯಲಿಲ್ಲ. ನಳದ ಕಟ್ಟೆಯ ಮೇಲೆ ಪಕ್ಕೀರಮ್ಮ ಕುಳಿತಿದ್ದಳು. ಅವಳ ಮುಂದೆ ಊರಮ್ಮ, ಊರಮ್ಮನ ಕಂಕುಳಲ್ಲಿ ಹುಲಿಗಿ. ಕೂಸು ಸಾವ್ಕಾರರ ಹೊಳೆಯುವ ಕೊಡ ನೋಡಿ ಕೈಚಾಚಿ ನಕ್ಕಿತು. ಅವರು ಅದರ ಮುಖ ನೋಡಿದರು. ಬಾಯಿ ತೆರೆದರು. ಏನೋ ಕೇಳುತ್ತಾರೆ ಎಂದು ನಾವೆಲ್ಲ ಕಾದೆವು.

"ನನ್ನ ಕೊಡ ಎಲ್ಲಿ ಇಡ್ಲಿ?" ಎಂದರು.

ಪಕ್ಕೀರಮ್ಮ ಊರಮ್ಮನ ಕೊಡವನ್ನು ನಳದ ಕೆಳಗೆ ಸರಿಸಿದಳು. ನೀರು ಬೀಳತೊಡಗಿತು. ಆಮೇಲೆ ಅಂಗಳದುದ್ದಕ್ಕೂ, ನನ್ನ ಮಿಷನ್ನನ್ನೂ ದಾಟಿ ನಿಂತಿದ್ದ ಸಾಲಿನ ಕಡೆಗೆ ಕೈ ತೋರಿಸಿದಳು.

"ಹಿಂದ ಇಡ್ರಿ ಸಾವ್ಕಾರ್ರ. ಗಣರಾಜ್ಯ ಬಂದೈತಿ. ಎಲ್ಲಾರೂ ಪಾಳ್ಯಾಗ ನಿಲ್ಲೂದು."